ಕಾಲಿಗೆ ಕಸುವು

ಹಳಗನ್ನಡದ ಪಾಠ ಹೇಳುವ ಪಂಡಿತನಿಗೂ ಡಂಬೆಲ್ಲಿಗೂ ಏನು ನಂಟು ಎಂದು ಶ್ರೋತೃಗಳು ಕೇಳಬಹುದು. ನಂಟು ಕೂಡಿಬಂದದ್ದು ಒಂದು ಮದುವೆಯ ಮನೆಯಲ್ಲಿ. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಉಂಡೆ; ಮಜ್ಜಿಗೆಯ ತನಕ ಎಲ್ಲವೂ ಸುಸೂತ್ರವಾಗಿತ್ತು. ಏಳಬೇಕೆಂದಾಗ ಕಾಲುಗಳು ನನ್ನ ಮಾತು ಕೇಳಲಿಲ್ಲ. ಹಿಂದೆ ನನ್ನ ತರಗತಿಯಲ್ಲಿ ಕಿವಿ ಹಿಡಿದು ಬಸ್ಕಿ ಹೊಡೆದಿದ್ದ ಇಬ್ಬರು ಶಿಷ್ಯರೇ ಬಂದು, ಎರಡು ರಟ್ಟೆ ಹಿಡಿದು, ಗುರುಗಳನ್ನು ಎತ್ತಿ ನಿಲ್ಲಿಸಿದರು. ಇಪ್ಪತ್ತೈದು ವರ್ಷ ನಾನು ಶಿಕ್ಷೆಯೆಂದು ಹಂಚುತ್ತಿದ್ದುದು ನನಗೇ ಬೇಕಾದ ಔಷಧವೆಂದು ಅಂದು ಹೊಳೆಯಿತು.

ನಿತಂಬವೆಂದರೆ ಕವಿಗಳ ವರ್ಣನೆಯ ವಸ್ತುವೆಂದಷ್ಟೇ ಬಗೆದಿದ್ದೆ. ದೇಹದ ಅತಿ ದೊಡ್ಡ ಸ್ನಾಯು ಇರುವುದು ಅಲ್ಲಿಯೇ. ತೊಡೆಯ ಮುಂಭಾಗದ ಸ್ನಾಯುಗಳೊಡನೆ ಸೇರಿ ನಮ್ಮನ್ನು ಕುಳಿತಲ್ಲಿಂದ ಎಬ್ಬಿಸುವುದು ಅದೇ. ನಡುವಯಸ್ಸು ದಾಟುತ್ತಿದ್ದಂತೆ ಸ್ನಾಯುಗಳು ಮೆಲ್ಲಮೆಲ್ಲನೆ ಸವೆಯುತ್ತವೆ. ಸಂಜೆಯ ವಾಯುವಿಹಾರ ಹೃದಯಕ್ಕೆ ಹಿತವಾದರೂ ಈ ಸವೆತವನ್ನು ತಡೆಯಲು ಅದೊಂದೇ ಸಾಲದು. ಸ್ನಾಯುವಿಗೆ ಹೊರೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆನ್ನುತ್ತದೆ.

ಡಂಬೆಲ್ ಎಂಬ ಮಾತಿನ ಅರ್ಥ ಮೂಕಗಂಟೆ. ನಾದವಿಲ್ಲದೆ, ಗಂಟೆ ಬಾರಿಸುವವನಂತೆ ಮೈ ದಣಿಸುವ ಸಾಧನಕ್ಕೆ ಇಂಗ್ಲೆಂಡಿನಲ್ಲಿ ಮೊದಲು ಈ ಹೆಸರಿತ್ತು. ಪ್ರಬಂಧಕಾರ ಜೋಸೆಫ್ ಅಡಿಸನ್ ತಾನು ಬೆಳಿಗ್ಗೆ ಅದನ್ನು ಬಳಸುವ ಸಂಗತಿಯನ್ನು 1711ರಲ್ಲೇ ಬರೆದಿದ್ದಾನೆ. ನಮ್ಮಲ್ಲಿಯೂ ಲೇಖನಿಗೂ ಲೋಹಕ್ಕೂ ಹಗೆಯಿಲ್ಲ; ‘ಶಾಂತಲಾ’ ಕಾದಂಬರಿಯ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು.

ನನಗೆ ಕ್ರಮ ಹೇಳಿಕೊಟ್ಟವರು ನಮ್ಮ ಶಾಲೆಯ ವ್ಯಾಯಾಮದ ಮೇಷ್ಟರು. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಅದರ ಮುಂದೆ ನಿಲ್ಲಿ. ಪಾದಗಳ ನಡುವೆ ಹೆಗಲಿನಷ್ಟು ಅಂತರವಿರಲಿ. ಸೊಂಟವನ್ನು ಹಿಂದಕ್ಕೆ ಸರಿಸುತ್ತ, ಮನಸ್ಸಿನಲ್ಲಿ ಮೂರು ಎಣಿಸುತ್ತ ಇಳಿಯಿರಿ; ಕುರ್ಚಿ ತಾಗಿದೊಡನೆ, ಅಲ್ಲಿ ವಿರಮಿಸದೆ, ಏಳಿರಿ. ಮೊಣಕಾಲು ಒಳಕ್ಕೆ ವಾಲಬಾರದು, ಹಿಮ್ಮಡಿ ನೆಲ ಬಿಡಬಾರದು. ಏಳುವಾಗ ಉಸಿರು ಬಿಡಿ. ಬಿಗಿಹಿಡಿದರೆ ರಕ್ತದ ಒತ್ತಡ ಏರುತ್ತದೆ. ಎರಡು ವಾರ ಇದನ್ನು ಬರಿಗೈಯಲ್ಲೇ ಮಾಡಿ, ಆಮೇಲೆ 2 ಕಿಲೋದ ಒಂದು ಡಂಬೆಲ್ಲನ್ನು ಎರಡೂ ಕೈಗಳಿಂದ ಎದೆಗೆ ಅವಚಿಕೊಂಡು ಮಾಡಬೇಕು. ಕಿವಿ ಹಿಡಿದ ಹುಡುಗ ಲೆಕ್ಕ ಮುಗಿಸಲು ದಡದಡನೆ ಹೊಡೆಯುತ್ತಾನೆ. ಇಲ್ಲಿ ನಿಧಾನದಲ್ಲೇ ಲಾಭ.

ಎರಡನೆಯದು ಬಾಗುವುದು. ಕೈಗೊಂದರಂತೆ ಡಂಬೆಲ್ ಹಿಡಿದು, ಬೆನ್ನು ನೆಟ್ಟಗಿಟ್ಟು, ಮೊಣಕಾಲು ತುಸು ಸಡಿಲಿಸಿ, ಸೊಂಟದಿಂದ ಬಾಗಿ ಭಾರವನ್ನು ಮೊಣಕಾಲಿನ ತನಕ ಇಳಿಸಿ ಏಳುವುದು. ತೊಡೆಯ ಹಿಂಭಾಗ ಸೆಳೆಯಬೇಕು, ಬೆನ್ನು ನೋಯಬಾರದು. ನಮ್ಮ ಮನೆಯವರು ನೋಡಿ, “ಕೊಡ ಎತ್ತುವುದಕ್ಕೂ ಪಾಠ ಬೇಕೆ?” ಎಂದರು. ಮಾಡಿಸಿ ನೋಡಿದರೆ ಅವರ ಬೆನ್ನೂ ಬಿಲ್ಲಾಗುತ್ತಿತ್ತು. ಈಗ ಇಬ್ಬರಿಗೂ ಒಂದೇ ಜೊತೆ ಡಂಬೆಲ್, ಸರದಿಯ ಮೇಲೆ. ಇವೆರಡು ಹಿಡಿತಕ್ಕೆ ಬಂದ ಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿಕೊಳ್ಳಬಹುದು.

ಒಂದೊಂದನ್ನೂ 8ರಿಂದ 12 ಸಾರಿ, ನಡುವೆ ಒಂದೆರಡು ನಿಮಿಷ ದಣಿವಾರಿಸಿಕೊಂಡು, ಎರಡು ಸುತ್ತು ಮಾಡಿದರೆ ಸಾಕು. 12 ಸಾರಿ ಮಾಡಿದರೂ ಹಗುರವೆನಿಸಿದಾಗ 1 ಕಿಲೋ ಏರಿಸಿ. ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲಿನಲ್ಲೇ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಹೃದ್ರೋಗ, ರಕ್ತದ ಒತ್ತಡ, ಮೊಣಕಾಲಿನ ತೊಂದರೆ ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಮೂರು ತಿಂಗಳಾದ ಮೇಲೆ ಇನ್ನೊಂದು ಮದುವೆಗೆ ಹೋಗಿದ್ದೆ. ಮೇಜಿನೂಟವೂ ಇತ್ತು, ಬೇಕೆಂದೇ ನೆಲದ ಪಂಕ್ತಿಗೆ ಕುಳಿತೆ. ಏಳುವಾಗ ಎಡಗೈಯನ್ನು ನೆಲಕ್ಕೆ ಊರಬೇಕಾಯಿತು. ಶಿಷ್ಯರು ಬೇಕಾಗಲಿಲ್ಲ.