ಅಲುಗಾಡುತ್ತ ಕಲಿತ ಪಿಟೀಲು

ಪಿಟೀಲು ಹಿಡಿದ ಮಗುವಿಗೆ ದೊಡ್ಡವರು ಹೇಳುವ ಮೊದಲ ಮಾತು, 'ಅಲುಗಾಡಬೇಡ, ನೆಟ್ಟಗೆ ನಿಲ್ಲು.' ಹಂಗೇರಿಯಲ್ಲಿ ಹುಟ್ಟಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಪಾಲ್ ರೋಲಂಡ್ ಮಾತ್ರ 'ಅಲುಗಾಡು' ಎಂದರು. ಬಿಗಿದ ಹೆಗಲಿನಿಂದ ಇಂಪು ಹೊರಡದು ಎಂಬುದು ಅವರ ಲೆಕ್ಕ. 1966ರಿಂದ 1971ರವರೆಗೆ ಅವರು ಇದನ್ನು ಪ್ರಯೋಗ ಮಾಡಿ ನೋಡಿದರು, ಪಾಠಗಳನ್ನು ಫಿಲ್ಮಿಗೂ ಇಳಿಸಿದರು.

ಮಕ್ಕಳು ಎಡಗೈಯಲ್ಲಿ ಪಿಟೀಲನ್ನು ಮೇಲೆತ್ತಿ, ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯಂತೆ ನಿಂತು, ಮೆಲ್ಲಗೆ ಹೆಗಲಿಗೆ ಇಳಿಸಿಕೊಳ್ಳಬೇಕು. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ನುಡಿಸಬೇಕು. ಎಡಗೈ ಶುರುವಿನಿಂದಲೇ ತಂತಿಯ ಉದ್ದಕ್ಕೂ ಓಡಾಡಬೇಕು. ಒಂದೇ ಜಾಗಕ್ಕೆ ಅಂಟಿಕೊಂಡ ಕೈಯನ್ನು ಆಮೇಲೆ ಬಿಡಿಸುವುದು ಯಾವ ಮೇಷ್ಟ್ರಿಗೂ ತಲೆನೋವೇ. ನೋಡಿದವರಿಗೆ ಆಟದ ಪಿರಿಯಡ್ಡು ಅನ್ನಿಸಿದರೆ ತಪ್ಪಿಲ್ಲ. ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಳ್ಳುವ ನಮ್ಮವರಿಗೆ ಆ ಕಾಲಾಟ ಬೇಕಿಲ್ಲ, ನಿಜ. ಆದರೆ ಕಮಾನು ಹಿಡಿದ ಮುಂಗೈಯನ್ನು ಸಡಿಲ ಬಿಡು ಎಂದು ಇಲ್ಲಿನ ಮೇಷ್ಟ್ರೂ ಹೇಳುತ್ತಲೇ ಇರಬೇಕಾಗುತ್ತದೆ.