ಮನೆ ಕೊಳ್ಳುವ ಮುನ್ನ ಅಳತೆ ಬೇಕೆ?

ಮನೆ ಕೊಳ್ಳುವುದು ದೊಡ್ಡವರ ವ್ಯವಹಾರ, ನಮಗೇಕೆ ಅದರ ಗೊಡವೆ ಎಂದು ನೀವು ಕೇಳಬಹುದು. ಆದರೆ ಮನೆಯಲ್ಲಿ ಇಂಥ ಮಾತುಕತೆ ನಡೆಯುವಾಗ ಕಾಗದಪತ್ರ ಓದಿ ಹೇಳುವವರು, ಟೇಪಿನ ಇನ್ನೊಂದು ತುದಿ ಹಿಡಿಯುವವರು ಅನೇಕ ವೇಳೆ ನೀವೇ ಆಗಿರುತ್ತೀರಿ. ಆದ್ದರಿಂದ ಈ ವಿಷಯ ನಿಮಗೂ ಸೇರಿದ್ದು.

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಚಿಕ್ಕಪ್ಪ ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಸೇರಿಸಿ ಒಂದು ತಾಲ್ಲೂಕು ಕೇಂದ್ರದ ಅಂಚಿನಲ್ಲಿ ಹಳೆಯ ಮನೆಯೊಂದನ್ನು ಕೊಂಡರು. ನಿವೇಶನ 30 ಅಡಿಗೆ 40 ಅಡಿ. ಕ್ರಯಪತ್ರ, ಋಣಭಾರ ಪತ್ರ, ಖಾತೆ, ತೆರಿಗೆ ರಸೀದಿ ಎಲ್ಲವನ್ನೂ ವಕೀಲರು ನೋಡಿ ಸರಿಯಿದೆ ಎಂದರು. ಚಿಕ್ಕಮ್ಮ ಮಾತ್ರ, “ಒಂದು ಸಲ ಅಳತೆ ಮಾಡಿಸಬಾರದೇ?” ಎಂದು ಕೇಳಿದರು. “ಕಾಂಪೌಂಡು ಕಣ್ಣೆದುರಿಗೇ ಇದೆ, ಇನ್ನೇನು ಅಳೆಯುವುದು? ಮಾರುವವರು ಏನೆಂದುಕೊಂಡಾರು!” ಎಂದು ಚಿಕ್ಕಪ್ಪ ನಕ್ಕುಬಿಟ್ಟರು.

ಎರಡು ವರ್ಷ ಕಳೆಯಿತು. ಪೂರ್ವಕ್ಕಿದ್ದ ಖಾಲಿ ನಿವೇಶನದವರು ಮನೆ ಕಟ್ಟಲು ಬಂದು ರಸ್ತೆಯ ಮೂಲೆಗಲ್ಲಿನಿಂದ ಅಳೆಸಿದರು. ಚಿಕ್ಕಪ್ಪನ ಕಾಂಪೌಂಡು ಮತ್ತು ಬಚ್ಚಲುಮನೆ ಎರಡೂವರೆ ಅಡಿ ಅವರ ಜಾಗದಲ್ಲಿದ್ದವು. ಹಾಗಾದರೆ ಚಿಕ್ಕಪ್ಪನ ಎರಡೂವರೆ ಅಡಿ ಎಲ್ಲಿ ಹೋಯಿತು? ಪಶ್ಚಿಮದ ನೆರೆಯವರು ಎಷ್ಟೋ ವರ್ಷಗಳ ಹಿಂದೆಯೇ ಅಷ್ಟು ಒತ್ತಿ ಗೋಡೆ ಹಾಕಿದ್ದರು. ಎರಡೂವರೆ ಅಡಿ ಎಂದರೆ 40 ಅಡಿ ಉದ್ದಕ್ಕೆ 100 ಚದರ ಅಡಿ; ಇಡೀ ನಿವೇಶನದ ಹನ್ನೆರಡರಲ್ಲಿ ಒಂದು ಪಾಲು. ಬಚ್ಚಲುಮನೆ ಒಡೆಸಿದ್ದಾಯಿತು. ಪಶ್ಚಿಮದ ತಕರಾರು ನ್ಯಾಯಾಲಯಕ್ಕೆ ಹೋಯಿತು. ಚಿಕ್ಕಪ್ಪ ಈಗಿಲ್ಲ. ವಾಯಿದೆಯ ದಿನ ಚಿಕ್ಕಮ್ಮ ಒಬ್ಬರೇ ಬಸ್ಸು ಹತ್ತಿ ಹೋಗಿಬರುತ್ತಾರೆ.

ಇಲ್ಲಿ ತಪ್ಪು ಎಲ್ಲಿ ಆಯಿತು? ಕಾಗದಗಳು ಸುಳ್ಳಾಗಿರಲಿಲ್ಲ. ಪ್ರತಿಯೊಂದು ಕಾಗದವೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ಗಮನಿಸಿರಲಿಲ್ಲ, ಅಷ್ಟೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಯಾರದು ಎಂಬ ಚಕ್ಕುಬಂದಿ ಇರುತ್ತದೆ. ಉಪನೋಂದಣಾಧಿಕಾರಿಗಳು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಸ್ಥಳಕ್ಕೆ ಹೋಗಿ ಗೋಡೆ ಅಳೆಯುವುದಿಲ್ಲ. ಋಣಭಾರ ಪತ್ರ ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುತ್ತದೆ. ಖಾತೆ ಮುಖ್ಯವಾಗಿ ತೆರಿಗೆಯ ಲೆಕ್ಕಕ್ಕೆ. ಇವುಗಳಲ್ಲಿ ಯಾವುದೂ ನೆಲಕ್ಕೆ ಕಾಲಿಟ್ಟು ನೋಡಿದ್ದಲ್ಲ. ಆ ಕೆಲಸ ಮಾಡುವುದು ಅಳತೆ ಒಂದೇ.

ಕಾನೂನು ಏನೆನ್ನುತ್ತದೆ? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನಂತೆ, ಕೊಳ್ಳುವವನಿಗೆ ತಿಳಿಯದ ಹಾಗೂ ಸಾಮಾನ್ಯ ಎಚ್ಚರಿಕೆಯಿಂದಲೂ ಕಂಡುಹಿಡಿಯಲಾಗದ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕು. ಈ ಮಾತಿನ ಇನ್ನೊಂದು ಮಗ್ಗುಲನ್ನು ನೋಡಿ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ ದೋಷವನ್ನು ನಾವು ಹುಡುಕಲೇ ಇಲ್ಲವಾದರೆ, ಮುಂದೆ ದೂರುವಾಗ ನಮ್ಮ ಮಾತಿಗೆ ತೂಕ ಕಡಿಮೆಯಾಗುತ್ತದೆ.

ನಮ್ಮ ನಾಡಿನಲ್ಲಿ ಭೂಮಾಪನಕ್ಕೆ ದೊಡ್ಡ ಇತಿಹಾಸವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿಸಿದ. ಮುಂದೆ ಕಂದಾಯ ನಿಗದಿ ಮಾಡಲು ಹೊಲಹೊಲವನ್ನೂ ಸರಪಳಿ ಹಿಡಿದು ಅಳೆದರು. ಆ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. 33 ಅಡಿ ಚೌಕವಾದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಹೀಗೆ ಅಳೆದ ಪ್ರತಿ ಸರ್ವೆ ನಂಬರಿಗೂ ಟಿಪ್ಪಣಿ ಎಂಬ ಅಳತೆಯ ದಾಖಲೆಯಿದೆ. ಹಳ್ಳ, ಕೆರೆ, ಕಾಲುದಾರಿಗಳೆಲ್ಲ ಗ್ರಾಮ ನಕ್ಷೆಯಲ್ಲಿ ಗುರುತಾಗಿವೆ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಇಂಥ ಜಾಗವನ್ನು ‘ಬಿ’ ಖರಾಬು ಎನ್ನುತ್ತಾರೆ. ಅದನ್ನು ಯಾರೂ ಮಾರುವಂತಿಲ್ಲ.

ಊರು ಬೆಳೆದು ಹೊಲ ಬಡಾವಣೆಯಾದರೂ ಈ ಹಳೆಯ ನಕ್ಷೆ ಸಾಯುವುದಿಲ್ಲ. 2016ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ರಾಜಕಾಲುವೆಯ ಮೇಲೆ ಕಟ್ಟಿವೆ ಎಂದು ಮನೆಗಳನ್ನು ಕೆಡವಿದಾಗ ಆಧಾರವಾಗಿದ್ದುದು ಹಳೆಯ ಗ್ರಾಮ ನಕ್ಷೆಗಳೇ. ಬ್ಯಾಂಕಿನ ಸಾಲ, ಖಾತೆ, ವಿದ್ಯುತ್ ಸಂಪರ್ಕ ಎಲ್ಲ ಇದ್ದವರೂ ಅಂದು ಬೀದಿಯಲ್ಲಿ ನಿಂತರು. ಅವರಲ್ಲಿ ಎಷ್ಟೋ ಮಂದಿ ತಿಳಿದು ತಪ್ಪು ಮಾಡಿದವರಲ್ಲ, ಯಾರೋ ಮಾರಿದ್ದನ್ನು ನಂಬಿ ಕೊಂಡವರು.

ಈಗ ನಿಮ್ಮ ಕೈಯಲ್ಲೇ ಆಗುವ ಒಂದು ಪರೀಕ್ಷೆ ಹೇಳುತ್ತೇನೆ. 30 ಅಡಿಗೆ 40 ಅಡಿ ನಿವೇಶನದ ಮೂಲೆಯಿಂದ ಮೂಲೆಗೆ ಎಷ್ಟಿರಬೇಕು? 30ರ ವರ್ಗ 900, 40ರ ವರ್ಗ 1,600, ಕೂಡಿದರೆ 2,500. ಅದರ ವರ್ಗಮೂಲ 50. ಎರಡು ಕರ್ಣಗಳೂ 50 ಅಡಿ ಬಂದರೆ ನಿವೇಶನ ಮೂಲೆಮಟ್ಟಕ್ಕಿದೆ. ಬೌಧಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಈ ತತ್ವವನ್ನೇ ನಮ್ಮ ಗಾರೆ ಕೆಲಸದವರು ಇಂದಿಗೂ ಮೂರು, ನಾಲ್ಕು, ಐದು ಎಂದು ದಾರ ಕಟ್ಟಿ ಬಳಸುತ್ತಾರೆ. ಒಂದು ಕರ್ಣ 56 ಅಡಿ, ಇನ್ನೊಂದು ಸುಮಾರು 43 ಅಡಿ ಬಂದಿತೆನ್ನಿ. ಆಗ ನಾಲ್ಕು ಬದಿಗಳ ಅಳತೆ ಸರಿಯಿದ್ದರೂ ಆಕೃತಿ ಓರೆಯಾಗಿದೆ. ಕ್ಷೇತ್ರಫಲ 1,200 ಅಲ್ಲ, ಸುಮಾರು 1,157 ಚದರ ಅಡಿ. ಬದಿಗಳನ್ನು ಮಾತ್ರ ಅಳೆದವರಿಗೆ ಈ 43 ಚದರ ಅಡಿಯ ಕೊರತೆ ಕಾಣುವುದೇ ಇಲ್ಲ.

ಆದರೆ ಟೇಪು ಹೇಳುವುದು ಗೋಡೆಯಿಂದ ಗೋಡೆಗೆ ಎಷ್ಟಿದೆ ಎಂಬುದನ್ನು ಮಾತ್ರ. ಗೋಡೆಯೇ ತಪ್ಪಾದ ಜಾಗದಲ್ಲಿದ್ದರೆ? ಚಿಕ್ಕಪ್ಪನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಸರಿಯಾಗಿ 30 ಅಡಿಯೇ ಇತ್ತು! ಅದನ್ನು ಬಲ್ಲವರು ಭೂಮಾಪಕರು. ಕಂದಾಯ ಜಮೀನಿಗೆ ಹದ್ದುಬಸ್ತು ಮಾಡಿಸಬಹುದು. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ, ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು, ಮೂಲ ದಾಖಲೆಯಂತೆ ಅಳೆದು, ಗಡಿ ಗುರುತಿಸಿಕೊಡುತ್ತಾರೆ. ಅರ್ಜಿ ಹಾಕಬೇಕಾದವರು ಹಕ್ಕುದಾರರು, ಕೊಳ್ಳಲಿರುವವರಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ಮಾರುವವರನ್ನು ಕೇಳಬೇಕು. ಕರಾರು ಪತ್ರದಲ್ಲಿ ‘ಅಳತೆಯಾದ ನಂತರ ಕ್ರಯ’ ಎಂದು ಬರೆಸಬೇಕು. ಅಳತೆಗೆ ಒಪ್ಪದ ಮಾರಾಟಗಾರನ ನಿರಾಕರಣೆಯೂ ಒಂದು ಉತ್ತರವೇ. ಬಡಾವಣೆಯ ನಿವೇಶನವಾದರೆ ಮಂಜೂರಾದ ಬಡಾವಣೆ ನಕ್ಷೆ ತಂದು, ಅನುಭವಿ ಖಾಸಗಿ ಭೂಮಾಪಕರಿಂದ ರಸ್ತೆಯ ಮೂಲೆಗಲ್ಲಿನಿಂದ ಅಳೆಸಬಹುದು.

ಹಾಗಾದರೆ ಎಲ್ಲರಿಗೂ, ಎಲ್ಲ ಕಡೆಯೂ ಸರ್ವೆ ಬೇಕೇ? ಬೇಕಿಲ್ಲ. ಪ್ರಾಧಿಕಾರದವರು ಮಾಡಿದ ಬಡಾವಣೆ, ಮೂಲೆಗಲ್ಲುಗಳು ಅಲುಗದೆ ಇವೆ, ಸುತ್ತಲೂ ಮನೆಗಳಾಗಿವೆ, ಅಳತೆ ನಕ್ಷೆಗೆ ತಾಳೆಯಾಗುತ್ತದೆ ಎಂದರೆ ಟೇಪಿನ ಪರೀಕ್ಷೆಯೇ ಬಹುಮಟ್ಟಿಗೆ ಸಾಕು. ಅಪಾರ್ಟ್‌ಮೆಂಟಿನ ಒಂದು ಮನೆ ಕೊಳ್ಳುವವರಿಗೆ ಗಡಿಗಿಂತ ಒಳಗಿನ ಕಾರ್ಪೆಟ್ ವಿಸ್ತೀರ್ಣ ಮುಖ್ಯ. ಆದರೂ ಕಟ್ಟಡ ನಿಂತ ಜಮೀನಿನ ಸರ್ವೆ ನಕ್ಷೆಯನ್ನು ಕೇಳಿ ನೋಡಬೇಕು. ಇನ್ನು ಈ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಅಳತೆಯಿಲ್ಲದೆ ಹೆಜ್ಜೆ ಇಡಬಾರದು: ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಪೋಡಿಯಾಗದ ಜಾಗ, ಕೆರೆ, ಹಳ್ಳ, ರಾಜಕಾಲುವೆ, ಹೆದ್ದಾರಿಗಳ ಪಕ್ಕದ ಜಾಗ, ಗಡಿಕಲ್ಲು ಕಾಣದ ಹಳೆಯ ಮನೆ, ಕಾಗದದ ಅಳತೆಗೂ ಸ್ಥಳದ ಅಳತೆಗೂ ಹೊಂದದ ಸ್ವತ್ತು.

ನೆಲವನ್ನು ಅಳೆದಂತೆ ಮನೆಯ ಆರೋಗ್ಯವನ್ನೂ ಎಂಜಿನಿಯರರಿಗೆ ತೋರಿಸುವುದು ಒಳ್ಳೆಯದು. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಅಗಲ ಬಿರುಕು ಪಾಯ ಕುಸಿದಿರುವ ಸೂಚನೆಯಾಗಿರಬಹುದು. ಧಾರವಾಡ, ಗದಗ, ವಿಜಯಪುರದ ಕಡೆ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅಲ್ಲಿ ಪಾಯದ ವಿಚಾರ ಮೊದಲು ಕೇಳಬೇಕು. ತಾರಸಿಯ ಅಡಿಯಲ್ಲಿ ತುಕ್ಕಿನ ಕಲೆಯಿದ್ದರೆ ಒಳಗಿನ ಕಬ್ಬಿಣಕ್ಕೆ ನೀರು ತಗುಲಿದೆ ಎಂದು ಅನುಮಾನಿಸಬೇಕು. ಹೊಸದಾಗಿ ಬಳಿದ ಬಣ್ಣದ ಕೆಳಗೂ ಒಮ್ಮೆ ಕಣ್ಣಾಡಿಸಿ.

ಸರಪಳಿಯ ಕಾಲ ಹೋಗಿ ಉಪಗ್ರಹದ ಕಾಲ ಬಂದಿದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಜನವಸತಿಯನ್ನು ಡ್ರೋನ್ ಹಾರಿಸಿ ಅಳೆಯಲಾಯಿತು. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಎಂಬ ಆ್ಯಪ್ ಫೋನಿನಲ್ಲೇ ತೋರಿಸುತ್ತದೆ. ಮೊದಲ ಸುಳಿವಿಗೆ ಇದು ಬಹಳ ಉಪಯುಕ್ತ. ಆದರೆ ಫೋನಿನ ಗುರುತು ಕೆಲವು ಮೀಟರುಗಳಷ್ಟು ಆಚೀಚೆ ಆಗಬಹುದು. ಜಗಳ ಹುಟ್ಟುವುದು ಎರಡೂವರೆ ಅಡಿಗೆ.

ಕೊನೆಗೆ ಸಂಕೋಚದ ಮಾತು. ಅಳತೆ ಮಾಡಿಸೋಣ ಎಂದರೆ ಮಾರುವವರನ್ನು ನಂಬದಂತಾಗುತ್ತದೆ ಎಂದು ನಮ್ಮ ಹಿರಿಯರು ಹಿಂಜರಿಯುತ್ತಾರೆ. ಬಟ್ಟೆ ಅಂಗಡಿಯವನು ನಮ್ಮೆದುರಿಗೇ ಮೀಟರು ಕಡ್ಡಿ ಹಿಡಿದಾಗ ನಾವು ಯಾರೂ ನೊಂದುಕೊಳ್ಳುವುದಿಲ್ಲವಲ್ಲ! ಅಳತೆ ಮಾರುವವರಿಗೂ ರಕ್ಷೆ, ಕೊಳ್ಳುವವರಿಗೂ ರಕ್ಷೆ, ನೆರೆಹೊರೆಯ ಸ್ನೇಹಕ್ಕೂ ರಕ್ಷೆ. ಅಳತೆಗೆ ತಗಲುವ ಹಣವನ್ನು ಮನೆಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ತಪ್ಪಾದರೆ ತೆರಬೇಕಾದದ್ದನ್ನೂ ಅದರ ಪಕ್ಕದಲ್ಲಿಡಿ. ತೀರ್ಮಾನ ನಿಮಗೇ ಹೊಳೆಯುತ್ತದೆ.

ಮುಂದೆ ನಿಮ್ಮ ಮನೆಯಲ್ಲಿ ಇಂಥ ಮಾತು ಬಂದು, ಯಾರಾದರೂ “ಒಂದು ಸಲ ಅಳತೆ ಮಾಡಿಸಬಾರದೇ?” ಎಂದು ಮೆಲ್ಲಗೆ ಕೇಳಿದರೆ, ಅವರ ಪರವಾಗಿ ನೀವೂ ಒಂದು ಮಾತು ಸೇರಿಸಿ. ನಮ್ಮ ಚಿಕ್ಕಮ್ಮನ ಜೊತೆ ಅಂದು ಯಾರೂ ದನಿಗೂಡಿಸಲಿಲ್ಲ. ನಾನೂ ಅಲ್ಲೇ ಕುಳಿತಿದ್ದೆ.