ಮೊರಗಿವಿಯ ಮಗುವಿಗೆ ಕಿವಿಗೊಟ್ಟು



ಗಣಪತಿಗೆ ಶೂರ್ಪಕರ್ಣ ಎಂಬ ಹೆಸರಿದೆ. ಶೂರ್ಪವೆಂದರೆ ಮೊರ. ಮೊರದಂಥ ಕಿವಿಯ ದೇವರಿಗೆ ಮೊದಲ ಪೂಜೆ ಸಲ್ಲಿಸುವ ಬೀದಿಯಲ್ಲೇ ಅಂಥ ಕಿವಿಯ ಮಗುವಿಗೆ ‘ಆನೆಕಿವಿ’ ಎಂದು ಅಡ್ಡಹೆಸರು ಬೀಳುತ್ತದೆ. ಇವತ್ತು ಆ ಮಗುವಿನ ಪರವಾಗಿ ನಾಲ್ಕು ಮಾತು ಆಡುತ್ತೇನೆ.

ನಿಮ್ಮ ಕಿವಿಯ ಹೊರ ಅಂಚಿನಿಂದ ಒಳಗೆ ಬೆರಳಾಡಿಸಿ ನೋಡಿ. ಅಂಚಿನ ಜೊತೆಜೊತೆಗೇ ಇನ್ನೊಂದು ಏಣು ಸಿಗುತ್ತದೆ. ಮೃದ್ವಸ್ಥಿ ಅಲ್ಲಿ ಮಡಿಚಿರುವುದರಿಂದಲೇ ಕಿವಿ ತಲೆಯತ್ತ ವಾಲಿರುತ್ತದೆ. ಆ ಮಡಿಕೆ ಗರ್ಭದಲ್ಲಿ ಸರಿಯಾಗಿ ಮೂಡದಿದ್ದರೆ, ಇಲ್ಲವೇ ಕಿವಿಯ ಬಟ್ಟಲು ಆಳವಾಗಿದ್ದರೆ, ಕಿವಿ ಹೊರಚಾಚುತ್ತದೆ. ತಲೆಗೂ ಕಿವಿಯಂಚಿಗೂ ನಡುವಿನ ಅಂತರ ಸುಮಾರು 2 ಸೆಂಟಿಮೀಟರ್ ದಾಟಿದರೆ ವೈದ್ಯರು ಅದನ್ನು ಚಾಚುಕಿವಿ ಎಂದು ಗುರುತಿಸುತ್ತಾರೆ. ಇದರಿಂದ ಕೇಳುವ ಶಕ್ತಿಗೆ ಕುಂದಿಲ್ಲ.

ಬಾಣಂತನದಲ್ಲಿ ಅಜ್ಜಿಯರು ಕೂಸಿಗೆ ಎಣ್ಣೆ ಹಚ್ಚಿ, ಮೂಗು ತೀಡಿ, ಕಿವಿ ಹಿಂದಕ್ಕೆ ಸವರುವುದನ್ನು ನೀವು ಕಂಡಿದ್ದೀರಿ. ತಾಯಿಯ ಈಸ್ಟ್ರೊಜೆನ್ ಕೂಸಿನ ಮೈಯಲ್ಲಿ ಇರುವಷ್ಟು ದಿನ ಮೃದ್ವಸ್ಥಿ ಮೆತ್ತಗಿರುತ್ತದೆ, ಆಮೇಲೆ ಬಿಗಿಯುತ್ತದೆ. ಬರೀ ಸವರಿದರೆ ಆಕಾರ ನಿಲ್ಲದು. ಮೊದಲ ವಾರಗಳಲ್ಲೇ ಮೆತ್ತನೆಯ ಅಚ್ಚಿಟ್ಟು, ಅಂಟುಪಟ್ಟಿಯಿಂದ ಕೆಲವು ವಾರ ಹಿಡಿದಿಟ್ಟರೆ ಎಷ್ಟೋ ಮಕ್ಕಳಿಗೆ ಕತ್ತಿಯೇ ಬೇಕಾಗುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಹೆತ್ತರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೆತ್ತರೂ, ಲಸಿಕೆಯ ಕಾರ್ಡಿನ ಜೊತೆ ಕಿವಿಯನ್ನೂ ಒಮ್ಮೆ ವೈದ್ಯರಿಗೆ ತೋರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಆ ಕಾಲ ಮೀರಿದರೆ ಉಳಿಯುವುದು ಶಸ್ತ್ರಚಿಕಿತ್ಸೆ. ಇದು ಹೊರಗಿನಿಂದ ಬಂದ ಷೋಕಿಯೇನಲ್ಲ. ಹರಿದ ಕಿವಿಹಾಲೆ ಕೂಡಿಸಲು ಸುಶ್ರುತ 15 ಬಗೆ ಹೇಳಿದ್ದಾನೆ. ಇನ್ನು ಚಾಚುಕಿವಿಯನ್ನು ನ್ಯೂಯಾರ್ಕಿನಲ್ಲಿ ವೈದ್ಯ ಎಡ್ವರ್ಡ್ ಈಲಿ ಸರಿಪಡಿಸಿದ್ದು 1881ರಲ್ಲಿ. ಕಿವಿಯ ಹಿಂದೆ ಚರ್ಮ ಸೀಳಿ, ಕರಗದ ದಾರದಿಂದ ಮೃದ್ವಸ್ಥಿಯನ್ನು ಮಡಿಸಿ ಹೊಲಿಯುವ, ಶಸ್ತ್ರವೈದ್ಯ ಮುಸ್ಟಾರ್ಡೆಯ ಕ್ರಮ 1963ರದು, ಇಂದಿಗೂ ಬಳಕೆಯಲ್ಲಿದೆ. ಐದಾರು ವರ್ಷಕ್ಕೆ ಕಿವಿ ಬಹುಮಟ್ಟಿಗೆ ದೊಡ್ಡವರ ಅಳತೆಗೆ ಬೆಳೆದಿರುತ್ತದೆ, ಅದಕ್ಕೇ ಆವರೆಗೆ ಕಾಯುತ್ತಾರೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ದೊಡ್ಡವರಿಗೆ ಕಿವಿಯ ಸುತ್ತ ಮರಗಟ್ಟಿಸಿದರೂ ಸಾಕಾಗಬಹುದು. ಸುಮಾರು ಒಂದು ವಾರ ತಲೆಗೆ ಕಟ್ಟು, ಆಮೇಲೆ ಕೆಲವು ವಾರ ರಾತ್ರಿ ಹೊತ್ತು ಪಟ್ಟಿ. ಬೈಕಿನಲ್ಲಿ ಕೆಲಸಕ್ಕೆ ಹೋಗುವವರು ಹೆಲ್ಮೆಟ್ ಯಾವಾಗ ಹಾಕಬಹುದೆಂದು ಮೊದಲೇ ಕೇಳಿಕೊಳ್ಳಿ. ರಕ್ತ ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು, ಕಿವಿ ಮತ್ತೆ ಚಾಚಬಹುದು. ಕಿವಿ ಚುಚ್ಚಿಸಿದ ಜಾಗದಲ್ಲಿ ಹಿಂದೆ ಗಂಟುಗಾಯ (ಕೆಲಾಯ್ಡ್) ಬೆಳೆದಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಖರ್ಚಿನ ಮಾತು. ಚೆಂದಕ್ಕೆಂದು ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಆರೋಗ್ಯ ವಿಮೆ ಸಿಗದು, ಜಿಎಸ್‌ಟಿಯೂ ಬೀಳುತ್ತದೆ. ಹುಟ್ಟಿನಿಂದ ಬಂದ ಊನ ಸರಿಪಡಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಚಾಚುಕಿವಿ ನಿಂತಿರುವುದು ಈ ಎರಡರ ನಡುವಿನ ಗೆರೆಯ ಮೇಲೆ.

ಲಗ್ಗೆರೆಯ ಒಂದು ಮನೆಯಲ್ಲಿ ಅಕ್ಕ, ತಮ್ಮ ಇಬ್ಬರಿಗೂ ತಾತನ ಕಿವಿ. ಅಕ್ಕನ ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ಅವಳು ಶಾಲೆ ಬಿಟ್ಟು ಗೇಟು ದಾಟಿದೊಡನೆ ರಿಬ್ಬನ್ನು ಬಿಚ್ಚಿ, ಕೂದಲು ಕಿವಿಯ ಮೇಲೆ ಎಳೆದುಕೊಳ್ಳುತ್ತಾಳೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿ ಇಬ್ಬರಿಗೂ ಒಟ್ಟಿಗೇ ಆಪರೇಷನ್ ಮಾಡಿಸುವ ಯೋಚನೆಯಲ್ಲಿದ್ದರು. ನಾನು ಮಕ್ಕಳನ್ನೇ ಕೇಳಿದೆ. “ಜಡೆ ಹಾಕ್ಕೊಂಡೇ ಮನೆಗೆ ಬರ್ಬೇಕು, ಅಷ್ಟೆ” ಎಂದಳು ಅವಳು. “ನಂಗ್ಯಾಕೆ? ನಂದು ತಾತಂದು” ಎಂದ ಅವನು.

ಕಿವಿ ಒಂದೇ, ಉತ್ತರ ಎರಡು. ಎರಡೂ ಸರಿ. ಅವಳಿಗೆ ಚಿಕಿತ್ಸೆ ಸಿಗಬೇಕು, ಅವನನ್ನು ಅವನ ಪಾಡಿಗೆ ಬಿಡಬೇಕು. ಅಳತೆಪಟ್ಟಿ ಹಿಡಿಯುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.